ಅಮೆರಿಕದ ಕಾಲೇಜಲ್ಲಿ ಫ್ರಟರ್ನಿಟಿ ಸೇರಬೇಕಾ? ಸೇರಿಕೋ ಅನ್ನುವ ಕರೆ (ಬಿಡ್) ಕೈಗೆ ಬರುವ ಮೊದಲೇ ತೀರ್ಮಾನ ಮಾಡುವುದು ಹೇಗೆ

ಅಮೆರಿಕದಲ್ಲಿ ಡಿಗ್ರಿ ಓದುವ ಕನ್ನಡದ ಹುಡುಗರಿಗೆ ಮೊದಲ ವರ್ಷವೇ ಒಂದು ಪ್ರಶ್ನೆ ಎದುರಾಗುತ್ತದೆ. ಫ್ರಟರ್ನಿಟಿ, ಅಂದರೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡು ಎಷ್ಟೋ ಕಡೆ ಒಂದೇ ಮನೆಯಲ್ಲಿ ಒಟ್ಟಿಗೆ ಇರುವ ವಿದ್ಯಾರ್ಥಿಗಳ ಸಂಘ, ಸೇರಬೇಕಾ, ಬೇಡವಾ? ಇದನ್ನು ಮನೆಯಲ್ಲಿ ಕೇಳೋಣ ಅಂದರೆ ಉತ್ತರ ಗೊತ್ತಿರುವವರು ಇರುವುದಿಲ್ಲ. ಅಪ್ಪ ಅಮ್ಮ ಮೈಸೂರಲ್ಲೋ ದಾವಣಗೆರೆಯಲ್ಲೋ ಇದ್ದರೆ ಅವರಿಗೆ ಹೆಸರೇ ಹೊಸದು. ನ್ಯೂಜೆರ್ಸಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದರೂ ಅಷ್ಟೇ. ಅವರಲ್ಲಿ ಹೆಚ್ಚಿನವರು ಬಂದಿದ್ದು ಎಂ.ಎಸ್. ಮಾಡಲು ಅಥವಾ ಕೆಲಸಕ್ಕೆ, ಫ್ರಟರ್ನಿಟಿ ಮನೆಯ ಒಳಗೆ ಕಾಲಿಟ್ಟವರಲ್ಲ. ಗೊತ್ತಿರುವುದು ಸಿನಿಮಾದಲ್ಲಿ ಕಂಡ ಪಾರ್ಟಿ, ಇಲ್ಲವೇ ಟಿವಿಯಲ್ಲಿ ಬಂದ ಸಾವಿನ ಸುದ್ದಿ. ಇವೆರಡನ್ನೇ ನಂಬಿಕೊಂಡು ಹೌದು ಅಥವಾ ಇಲ್ಲ ಅನ್ನುವುದು ಸರಿಯಲ್ಲ.

ನಾನಿರುವುದು ದೊಡ್ಡ ಯೂನಿವರ್ಸಿಟಿ ಇರುವ ಊರಿನಲ್ಲಿ. ಕನ್ನಡ ಕೂಟದ ಗಣೇಶನ ಹಬ್ಬವೂ ಫ್ರಟರ್ನಿಟಿಗಳು ಹೊಸಬರನ್ನು ಆರಿಸಿಕೊಳ್ಳುವ ಕಾಲವೂ ಹೆಚ್ಚುಕಮ್ಮಿ ಒಟ್ಟಿಗೆ ಬರುತ್ತವೆ. ಊಟಕ್ಕೆ ಬಂದ ಹುಡುಗರು ಪಕ್ಕಕ್ಕೆ ಕರೆದು ಕೇಳುತ್ತಾರೆ, "ಅಂಕಲ್, ಸೇರಲಾ? ಮನೇಲಿ ಹೇಳಿದ್ರೆ ಸುಮ್ನೆ ಗಾಬರಿ ಆಗ್ತಾರೆ." ಅವರಿಗೆ ಹೇಳುವುದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. 'ಫ್ರಟರ್ನಿಟಿ' ಒಳ್ಳೆಯದಾ ಕೆಟ್ಟದ್ದಾ ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ನೀವು ಸೇರುವುದು ಒಂದು ನಿರ್ದಿಷ್ಟ ಮನೆಯನ್ನು, ಅಲ್ಲಿರುವ ನಲವತ್ತೋ ಎಂಬತ್ತೋ ಹುಡುಗರನ್ನು. ಆ ಮನೆಯಲ್ಲಿ "ಬೇಡ" ಅಂದರೆ ನಡೆಯುತ್ತದಾ ಅಂತ ಸೇರುವ ಮೊದಲೇ ತಿಳಿದುಕೊಳ್ಳಬೇಕು. ಉಳಿದದ್ದೆಲ್ಲ ಅದರ ಸುತ್ತ ಇರುವ ಲೆಕ್ಕಾಚಾರ.

ಮೊದಲ ಹೆಜ್ಜೆ: ಯಾವ ಬಗೆಯ ಫ್ರಟರ್ನಿಟಿ ಅಂತ ನೋಡಿ

ಹೆಸರಲ್ಲಿ ಗ್ರೀಕ್ ಅಕ್ಷರ ಇದ್ದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಇವುಗಳಲ್ಲಿ ಎಲ್ಲಕ್ಕಿಂತ ಹಳೆಯದಾದ ಫೈ ಬೀಟಾ ಕಪ್ಪಾ ಹುಟ್ಟಿದ್ದು 1776ರಲ್ಲಿ, ವರ್ಜೀನಿಯಾದ ವಿಲಿಯಂ ಆಂಡ್ ಮೇರಿ ಕಾಲೇಜಿನಲ್ಲಿ. ಈಗ ಅದು ಚೆನ್ನಾಗಿ ಓದುವವರಿಗೆ ಸಿಗುವ ಗೌರವ. ಎಂಜಿನಿಯರಿಂಗ್‌ನವರ ಟೌ ಬೀಟಾ ಪೈ ಕೂಡ ಹಾಗೇ. ಇಂಥವುಗಳಿಂದ ಕರೆ ಬಂದರೆ ಜಾಸ್ತಿ ಯೋಚನೆ ಬೇಡ.

ಎರಡನೆಯದು ವೃತ್ತಿಗೆ ಸಂಬಂಧಪಟ್ಟವು. ಬಿಸಿನೆಸ್ ಓದುವವರಿಗೆ ಆಲ್ಫಾ ಕಪ್ಪಾ ಸೈ, ಎಂಜಿನಿಯರಿಂಗ್‌ನವರಿಗೆ ಥೀಟಾ ಟೌ. ಎರಡೂ 1904ರಲ್ಲಿ ಶುರುವಾದವು, ಈಗ ಹುಡುಗ ಹುಡುಗಿ ಇಬ್ಬರನ್ನೂ ಸೇರಿಸಿಕೊಳ್ಳುತ್ತವೆ. ಸಮಾಜಸೇವೆಗೆ 1925ರಲ್ಲಿ ಶುರುವಾದ ಆಲ್ಫಾ ಫೈ ಒಮೇಗಾ ಇದೆ. ಇವುಗಳಲ್ಲೂ ಹೊಸಬರಿಗೆ ತರಬೇತಿಯ ವಾರಗಳು ಇರುತ್ತವೆ, ಆದ್ದರಿಂದ ಕೆಳಗೆ ಹೇಳುವ ಎಚ್ಚರ ಇಲ್ಲಿಗೂ ಅನ್ವಯಿಸುತ್ತದೆ.

ಮೂರನೆಯದು 'ಸೋಷಿಯಲ್' ಫ್ರಟರ್ನಿಟಿ. ಎಲ್ಲರ ಬಾಯಲ್ಲಿ ಬರುವುದು ಇದೇ. ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ 1825ರಲ್ಲಿ ಶುರುವಾದ ಕಪ್ಪಾ ಆಲ್ಫಾ ಸೊಸೈಟಿಯಿಂದ ಈ ಬಳ್ಳಿ ಹಬ್ಬಿತು. ಹುಡುಗರಿಗೆ ಮಾತ್ರ. ಹುಡುಗಿಯರಿಗೆ ಸೊರೊರಿಟಿ ಬೇರೆ ಇದೆ, ಅಲ್ಲಿ ಆಯ್ಕೆಯ ಕ್ರಮವೂ ಬೇರೆ. ಬಹಳ ಕಾಲ ಈ ಸಂಘಗಳು ಬಿಳಿಯ ಕ್ರಿಶ್ಚಿಯನ್ ಹುಡುಗರಿಗೆ ಮೀಸಲಾಗಿದ್ದವು. ಒಳಗೆ ಬಿಡದೆ ಇದ್ದಾಗ ಉಳಿದವರು ತಮ್ಮದೇ ಕಟ್ಟಿಕೊಂಡರು. ಕರಿಯ ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್‌ನಲ್ಲಿ ಆಲ್ಫಾ ಫೈ ಆಲ್ಫಾ ಕಟ್ಟಿದರು. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಹುಡುಗರ ಸರದಿ. ಬಿಂಗಮ್ಟನ್‌ನಲ್ಲಿ 1994ರಲ್ಲಿ ಅಯೋಟಾ ನು ಡೆಲ್ಟಾ, ಆಸ್ಟಿನ್‌ನಲ್ಲಿ 1998ರಲ್ಲಿ ಡೆಲ್ಟಾ ಎಪ್ಸಿಲಾನ್ ಸೈ, ಲಾಸ್ ಏಂಜಲಿಸ್‌ನ ಯು.ಸಿ.ಎಲ್.ಎ.ಯಲ್ಲಿ 1999ರಲ್ಲಿ ಬೀಟಾ ಕೈ ಥೀಟಾ. ಇವು ದಕ್ಷಿಣ ಏಷ್ಯಾದ ಹುಡುಗರಿಂದ ಶುರುವಾದ ಫ್ರಟರ್ನಿಟಿಗಳು. ಹೋಳಿ, ದೀಪಾವಳಿ, ಭಾಂಗ್ಡಾ ಎಲ್ಲ ಇಲ್ಲಿ ಸಿಗುತ್ತವೆ. ಇವುಗಳಿಗೆ ಸ್ವಂತ ಮನೆ ಇರುವುದು ಕಡಿಮೆ, ಹಾಗಾಗಿ ಖರ್ಚೂ ಸಾಮಾನ್ಯವಾಗಿ ಕಡಿಮೆ.

ಎಂ.ಎಸ್. ಮಾಡಲು ಹೋಗುತ್ತಿದ್ದರೆ ಸೋಷಿಯಲ್ ಫ್ರಟರ್ನಿಟಿಯ ಚಿಂತೆ ಬಿಡಿ. ಅದು ಡಿಗ್ರಿ ಹುಡುಗರ ಲೋಕ. ನಿಮಗೆ ಅದರಿಂದ ಆಗುವ ಉಪಯೋಗ ಒಂದಿದೆ. ಬೇಸಿಗೆಯಲ್ಲಿ ಹುಡುಗರು ಊರಿಗೆ ಹೋದಾಗ ಎಷ್ಟೋ ಫ್ರಟರ್ನಿಟಿ ಮನೆಗಳು ಇಂಟರ್ನ್‌ಶಿಪ್‌ಗೆ ಬಂದವರಿಗೆ ರೂಮ್ ಬಾಡಿಗೆಗೆ ಕೊಡುತ್ತವೆ. ಅಗ್ಗವಾಗಿ ಸಿಗುವುದುಂಟು, ವಿಚಾರಿಸಿ ನೋಡಿ.

ಎರಡನೇ ಹೆಜ್ಜೆ: ಕಾಲೇಜಿನ ನಿಯಮ, ನಿಮ್ಮ ವೀಸಾ

ಎಲ್ಲ ಕಾಲೇಜಲ್ಲೂ ಮೊದಲ ಸೆಮಿಸ್ಟರ್‌ನಲ್ಲೇ ಸೇರಲು ಬಿಡುವುದಿಲ್ಲ. ಕಾರ್ನೆಲ್‌ನಲ್ಲಿ ಮೊದಲ ವರ್ಷದವರು ಎರಡನೇ ಸೆಮಿಸ್ಟರ್‌ವರೆಗೆ ಕಾಯಬೇಕು. ಡಾರ್ಟ್‌ಮತ್‌ನಲ್ಲಿ ಎರಡನೇ ವರ್ಷಕ್ಕೆ ಬಂದ ಮೇಲೇ. ವಿಲಿಯಮ್ಸ್, ಬೋಡನ್ ಥರದ ಕಾಲೇಜುಗಳು ಫ್ರಟರ್ನಿಟಿಯನ್ನೇ ತೆಗೆದುಹಾಕಿವೆ. ಇಂತಿಷ್ಟು ಜಿಪಿಎ (ಅಂಕಗಳ ಸರಾಸರಿ) ಇರಬೇಕು ಅನ್ನುವ ನಿಯಮ ಎಷ್ಟೋ ಕಡೆ ಇದೆ. ಇದನ್ನೆಲ್ಲ ನೋಡಿಕೊಳ್ಳಲು ಕಾಲೇಜಿನಲ್ಲಿ ಗ್ರೀಕ್ ಲೈಫ್ ಆಫೀಸ್ ಅಥವಾ ಅಂಥದೇ ಹೆಸರಿನ ಒಂದು ವಿಭಾಗ ಇರುತ್ತದೆ. ಒಂದು ಮೇಲ್ ಹಾಕಿದರೆ ಉತ್ತರ ಬರುತ್ತದೆ.

ನಿಮ್ಮ ಕಾಲೇಜಲ್ಲಿ ಮೊದಲ ಸೆಮಿಸ್ಟರ್‌ಗೇ ಬಿಡುತ್ತಾರೆ ಅಂದರೂ ನನ್ನ ಸಲಹೆ ಒಂದೇ. ಕಾಯಿರಿ. ಊರು ಬಿಟ್ಟು ಬಂದು ಮೂರು ವಾರ ಆಗಿರುತ್ತದೆ. ಊಟ ಸರಿ ಹೋಗಿರುವುದಿಲ್ಲ, ಮಾತಾಡುವ ಗೆಳೆಯರಿಲ್ಲ. ಆ ಹೊತ್ತಿಗೆ ಯಾರು ನಗುತ್ತಾ ಕೈ ಕೊಟ್ಟರೂ ಅವರೇ ನಮ್ಮವರು ಅನಿಸುತ್ತದೆ. ಒಂದು ಸೆಮಿಸ್ಟರ್ ಕಳೆದರೆ ಕ್ಲಾಸಿನವರು, ಹಾಸ್ಟೆಲ್‌ನವರು ಪರಿಚಯ ಆಗಿರುತ್ತಾರೆ. ಯಾವ ಮನೆಯ ಹುಡುಗರು ಹೇಗೆ ಅಂತ ನಾಲ್ಕು ಕಡೆಯಿಂದ ಕಿವಿಗೆ ಬಿದ್ದಿರುತ್ತದೆ.

ಭಾರತದಿಂದ ಎಫ್-1 (ವಿದ್ಯಾರ್ಥಿ) ವೀಸಾದ ಮೇಲೆ ಹೋದವರು ಇನ್ನಷ್ಟು ಎಚ್ಚರ ಇರಬೇಕು. ಫ್ರಟರ್ನಿಟಿ ಸೇರಕೂಡದು ಅಂತ ವೀಸಾ ನಿಯಮದಲ್ಲಿ ಎಲ್ಲೂ ಇಲ್ಲ. ಆದರೆ ಅಮೆರಿಕದಲ್ಲಿ ಕುಡಿಯಲು 21 ವರ್ಷ ಆಗಿರಬೇಕು, ಫ್ರಟರ್ನಿಟಿಯ ಅರ್ಧಕ್ಕಿಂತ ಜಾಸ್ತಿ ಹುಡುಗರಿಗೆ ಅಷ್ಟು ಆಗಿರುವುದಿಲ್ಲ. ಪೊಲೀಸರು ಬಂದಾಗ ಅಮೆರಿಕದ ಹುಡುಗನಿಗೆ ಅದು ಒಂದು ದಂಡ, ಒಂದು ಕೋರ್ಟ್ ದಿನಾಂಕ. ನಿಮಗೆ ಅದು ವೀಸಾದ ಪ್ರಶ್ನೆಯೂ ಆಗಬಹುದು. ಕುಡಿದು ಗಾಡಿ ಓಡಿಸಿದ ಕೇಸಲ್ಲಿ ಅರೆಸ್ಟ್ ಆದರೆ ಸಾಕು, ಶಿಕ್ಷೆ ಆಗುವ ಮೊದಲೇ ವೀಸಾ ರದ್ದು ಮಾಡುವ ಅಧಿಕಾರ ಅಲ್ಲಿನ ವಿದೇಶಾಂಗ ಇಲಾಖೆಗೆ ಇದೆ. ಸೆಮಿಸ್ಟರ್‌ಗೆ 12 ಕ್ರೆಡಿಟ್‌ಗಿಂತ ಕೆಳಗೆ ಇಳಿಯಕೂಡದು ಅನ್ನುವುದನ್ನೂ ಮರೆಯಬೇಡಿ. ಸೇರಿದ ಸೆಮಿಸ್ಟರ್‌ನಲ್ಲಿ ಓದಲು ಸಮಯ ಸಾಲದೆ ಒಂದು ವಿಷಯ ಬಿಟ್ಟುಬಿಡೋಣ ಅನಿಸುವುದು ಸಾಮಾನ್ಯ. 12ಕ್ಕಿಂತ ಕೆಳಗೆ ಇಳಿಯುವುದಾದರೆ ನಿಮಗೆ ಆ ಸ್ವಾತಂತ್ರ್ಯ ಇಲ್ಲ. ಮುಂದೆ ಫ್ರಟರ್ನಿಟಿ ಮನೆಗೆ ವಾಸ ಬದಲಿಸಿದರೆ ಹೊಸ ವಿಳಾಸವನ್ನು 10 ದಿನದೊಳಗೆ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿಗೆ ತಿಳಿಸಬೇಕು.

ಮೂರನೇ ಹೆಜ್ಜೆ: ಯಾಕೆ ಬೇಕು ಅಂತ ಬರೆಯಿರಿ

ಒಂದು ಹಾಳೆ ತಗೊಂಡು ನಿಜವಾದ ಕಾರಣ ಬರೆಯಿರಿ. "ನೆಟ್‌ವರ್ಕಿಂಗ್" ಅಂತ ಬರೆಯಬೇಡಿ, ಅದು ಎಲ್ಲರೂ ಹೇಳುವ ಮಾತು. ಒಂಟಿತನ ಕಾಡುತ್ತಿದೆ. ರೂಮ್‌ಮೇಟ್ ಸೇರುತ್ತಿದ್ದಾನೆ. ಮುಂದಿನ ವರ್ಷ ಇರಲು ಜಾಗ ಬೇಕು. ಹುಡುಗಿಯರ ಪರಿಚಯ ಆಗಬೇಕು. ಅಮೆರಿಕದವರ ಜೊತೆ ಬೆರೆಯಬೇಕು, ಬರೀ ದೇಸಿಗಳ ಗುಂಪಲ್ಲೇ ಉಳಿದುಬಿಡುತ್ತೇನೇನೋ ಅನ್ನುವ ಭಯ. ಇವೆಲ್ಲ ನಾಚಿಕೆ ಪಡುವಂಥ ಕಾರಣಗಳೇ ಅಲ್ಲ.

ಬರೆದಾದ ಮೇಲೆ ಪ್ರತಿ ಕಾರಣದ ಎದುರು, ಅದಕ್ಕೆ ಬೇರೆ ದಾರಿ ಇದೆಯಾ ಅಂತ ನೋಡಿ. ಬೆರೆಯುವುದಕ್ಕೆ ಕಾಲೇಜಿನ ಕ್ರಿಕೆಟ್ ಕ್ಲಬ್, ಡಿಬೇಟ್, ರೇಡಿಯೋ, ರೋಬೋಟಿಕ್ಸ್ ತಂಡ ಇವೆ. ನಮ್ಮವರ ಒಡನಾಟಕ್ಕೆ ಇಂಡಿಯನ್ ಸ್ಟೂಡೆಂಟ್ಸ್ ಅಸೋಸಿಯೇಷನ್ ಇದೆ, ಊರಿನ ಕನ್ನಡ ಕೂಟ ಇದೆ. ಇವುಗಳನ್ನು ಬಿಡಬೇಕಾದರೆ ಒಂದು ಮೇಲ್ ಸಾಕು. ಇಷ್ಟೆಲ್ಲ ನೋಡಿಯೂ ಒಂದು ಕಾರಣ ಉಳಿಯಬಹುದು: ನಾಲ್ಕು ವರ್ಷ ಒಟ್ಟಿಗೆ ಬದುಕಿ, ಆಮೇಲೂ ಕೈಬಿಡದ ಒಂದು ಗುಂಪು ಬೇಕು. ಅದು ನಿಜವಾಗಿ ಫ್ರಟರ್ನಿಟಿ ಕೊಡಬಲ್ಲದ್ದು. ಕಾಯಿಲೆ ಬಿದ್ದಾಗ ಗಂಜಿ ತಂದುಕೊಟ್ಟ, ಅಪ್ಪ ತೀರಿಕೊಂಡಾಗ ಟಿಕೆಟ್‌ಗೆ ದುಡ್ಡು ಒಟ್ಟುಮಾಡಿ ವಿಮಾನ ಹತ್ತಿಸಿದ ಫ್ರಟರ್ನಿಟಿ ಗೆಳೆಯರನ್ನು ನಾನು ಬಲ್ಲೆ. ಅದಕ್ಕೇ ಸಾರಾಸಗಟಾಗಿ ಬೇಡ ಅನ್ನಲು ನನ್ನಿಂದ ಆಗುವುದಿಲ್ಲ.

ಕೆಲಸ ಸಿಗುವ ಮಾತಿಗೆ ಬಂದರೆ, 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಅಮೆರಿಕದ ಈಶಾನ್ಯ ಭಾಗದ ಒಂದು ಕಾಲೇಜಿನ ಹಳೇ ವಿದ್ಯಾರ್ಥಿಗಳನ್ನು ಕೇಳಿ ಮಾಡಿದ್ದು. ಫ್ರಟರ್ನಿಟಿ ಸೇರಿದವರ ಜಿಪಿಎ ಸುಮಾರು 0.25 ಇಳಿದಿತ್ತು, ಮುಂದೆ ಅವರ ಸಂಪಾದನೆ ಸುಮಾರು ಶೇ. 36 ಜಾಸ್ತಿ ಆಗಿತ್ತು. ಇದನ್ನು ಹಿಡಿದುಕೊಂಡು ಹಿಗ್ಗಬೇಡಿ. ಅದು ಒಂದೇ ಕಾಲೇಜಿನ ಲೆಕ್ಕ. ಅಲ್ಲಿನ ಹಳೇ ಬ್ರದರ್‌ಗಳು ಬ್ಯಾಂಕುಗಳಲ್ಲಿ, ದೊಡ್ಡ ಕಂಪನಿಗಳಲ್ಲಿ ಇದ್ದರೆ ಕೈ ಹಿಡಿಯುತ್ತಾರೆ. ಕಂಪ್ಯೂಟರ್ ಸೈನ್ಸ್ ಓದುವ ಎಫ್-1 ಹುಡುಗನಿಗೆ ವೀಸಾ ಸ್ಪಾನ್ಸರ್ ಮಾಡುವ ಕಂಪನಿ ಬೇಕು. ಅಲ್ಲಿ 0.25 ಜಿಪಿಎ ಇಳಿದದ್ದೇ ಭಾರವಾಗಬಹುದು.

ನಾಲ್ಕನೇ ಹೆಜ್ಜೆ: ದುಡ್ಡು, ಸಮಯ

ರಶ್‌ನಲ್ಲಿ, ಅಂದರೆ ಮನೆಗಳು ಹೊಸಬರನ್ನು ಆರಿಸಿಕೊಳ್ಳುವ ದಿನಗಳಲ್ಲಿ, ದುಡ್ಡಿನ ಮಾತು ಎತ್ತಿದರೆ ಚಿಲ್ಲರೆ ಅನಿಸುತ್ತದೇನೋ ಅಂತ ನಮ್ಮ ಹುಡುಗರು ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ಟ್ರೆಶರರ್ ಅಂತ ಒಬ್ಬ ಹುಡುಗ ಇರುತ್ತಾನೆ, ನೇರವಾಗಿ ಅವನನ್ನೇ ಕೇಳಿ: ಸೆಮಿಸ್ಟರ್‌ಗೆ ಡ್ಯೂಸ್ (ಸದಸ್ಯತ್ವದ ಶುಲ್ಕ) ಎಷ್ಟು, ಹೊಸಬರ ಶುಲ್ಕ ಬೇರೆ ಇದೆಯಾ, ಇನ್ಶೂರೆನ್ಸ್ ಅದರಲ್ಲೇ ಸೇರಿದೆಯಾ, ಕಾರ್ಯಕ್ರಮ ತಪ್ಪಿಸಿದರೆ ದಂಡ ಇದೆಯಾ, ಮನೆಯಲ್ಲಿ ಒಂದು ವರ್ಷ ಇರಲೇಬೇಕು ಅನ್ನುವ ಕಟ್ಟಳೆ ಇದೆಯಾ?

ಲೆಕ್ಕ ಹೀಗೆ ಹಾಕಿ. ಸೆಮಿಸ್ಟರ್‌ಗೆ ಡ್ಯೂಸ್ 700 ಡಾಲರ್, ಹೊಸಬರ ಶುಲ್ಕ ಒಂದು ಸಲ 400 ಡಾಲರ್ ಅಂತ ಇಟ್ಟುಕೊಳ್ಳಿ. ಎರಡನೇ ಸೆಮಿಸ್ಟರ್‌ನಲ್ಲಿ ಸೇರಿದರೆ ಉಳಿದ ಏಳು ಸೆಮಿಸ್ಟರ್‌ಗೆ 4,900, ಒಟ್ಟು 5,300 ಡಾಲರ್. ಇದು ಉದಾಹರಣೆ ಮಾತ್ರ, ಇದಕ್ಕಿಂತ ತುಂಬಾ ಕಡಿಮೆಯೂ ಇದೆ, ಎರಡರಷ್ಟೂ ಇದೆ. ಇದರ ಮೇಲೆ ಟೀ ಶರ್ಟ್, ಸೂಟು, ಫಾರ್ಮಲ್ ಅನ್ನುವ ಔತಣ, ದೂರದ ಊರಿನ ಪ್ರವಾಸ. ಎಫ್-1 ಹುಡುಗರು ಕ್ಲಾಸ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಹಾಗಾಗಿ ಈ ಡಾಲರ್ ಬರುವುದು ಊರಿನ ಎಜುಕೇಷನ್ ಲೋನ್‌ನಿಂದ. ಆ ಸಾಲ ತೀರಿಸುವವರಿಗೆ ಇದು ಗೊತ್ತಿರಬೇಕು ಅಲ್ವಾ?

ಮನೆಯಲ್ಲಿ ಊಟದ ಪ್ಲಾನ್ ಕಡ್ಡಾಯವಾಗಿದ್ದರೆ ಸಸ್ಯಾಹಾರಿಗಳು ಅಡುಗೆಯವರನ್ನೇ ಕೇಳಿ. "ವೆಜ್ ಆಪ್ಷನ್ ಇದೆ" ಅಂದರೆ ಎಷ್ಟೋ ಸಲ ಚೀಸ್ ಪಿಜ್ಜಾ ಮತ್ತು ಸಲಾಡ್ ಅಂತ ಅರ್ಥ. ಒಂದು ವರ್ಷ ಅದನ್ನೇ ತಿನ್ನಲು ಆಗುತ್ತದಾ ನೋಡಿ.

ಸಮಯದ ಲೆಕ್ಕ ಇನ್ನೂ ಮುಖ್ಯ. 15 ಕ್ರೆಡಿಟ್ ತೆಗೆದುಕೊಂಡ ಹುಡುಗನಿಗೆ ವಾರಕ್ಕೆ 15 ಗಂಟೆ ಕ್ಲಾಸ್, ಗಂಟೆಗೆ ಎರಡರಂತೆ 30 ಗಂಟೆ ಓದು. ಅಲ್ಲಿಗೇ 45 ಆಯಿತು. ಹೊಸಬರ ಅವಧಿಯಲ್ಲಿ ಚಾಪ್ಟರ್ (ಆ ಕಾಲೇಜಿನ ಶಾಖೆ) ಮೀಟಿಂಗ್, ತರಬೇತಿಯ ಸಂಜೆ, ಸೇವಾ ಕೆಲಸ, ಪಾರ್ಟಿಯ ತಯಾರಿ ಎಲ್ಲ ಸೇರಿದರೆ ಇನ್ನೊಂದು ಪಾರ್ಟ್ ಟೈಮ್ ಕೆಲಸದಷ್ಟು ಹೊತ್ತು ಹೋಗುತ್ತದೆ. ಸಾಮಾನ್ಯವಾಗಿ ಇದು ಮಿಡ್‌ಟರ್ಮ್ ಪರೀಕ್ಷೆಯ ಮೇಲೇ ಬಂದು ಕೂರುತ್ತದೆ. ನಿಮ್ಮ ಕಷ್ಟದ ಸೆಮಿಸ್ಟರ್ ಯಾವುದು ಅಂತ ಗೊತ್ತಿದ್ದರೆ ಆ ಸೆಮಿಸ್ಟರ್‌ನಲ್ಲಿ ಸೇರಬೇಡಿ.

ಐದನೇ ಹೆಜ್ಜೆ: ಆ ಮನೆಯ ಹಳೇ ಕಥೆ ತೆಗೆಯಿರಿ

ಇಲ್ಲಿ ಹೇಜಿಂಗ್ ಬಗ್ಗೆ ಬಿಡಿಸಿ ಹೇಳಲೇಬೇಕು. ರ‍್ಯಾಗಿಂಗ್ ಅಂದರೆ ನಮಗೆ ಗೊತ್ತು. ಯುಜಿಸಿ 2009ರಲ್ಲಿ ನಿಯಮ ತಂದ ಮೇಲೆ ವಿದ್ಯಾರ್ಥಿ ಮತ್ತು ಪೋಷಕರು ಅಫಿಡವಿಟ್ ಬರೆದುಕೊಡುವುದೂ ಗೊತ್ತು. ಹೇಜಿಂಗ್ ಅದರ ಹತ್ತಿರದ ನಂಟ, ಆದರೆ ಒಂದು ವ್ಯತ್ಯಾಸ ಇದೆ. ರ‍್ಯಾಗಿಂಗ್‌ನಲ್ಲಿ ಹೊಸ ಹುಡುಗ ಸೀನಿಯರ್‌ಗಳ ಕೈಗೆ ಸಿಕ್ಕಿಬೀಳುತ್ತಾನೆ. ಹೇಜಿಂಗ್‌ನಲ್ಲಿ ಅವನೇ ಬಾಗಿಲು ತಟ್ಟಿ ಒಳಗೆ ಹೋಗಿರುತ್ತಾನೆ. ಆ ಗುಂಪು ಅವನಿಗೆ ಬೇಕು. ಇನ್ನೊಂದು ಸ್ವಲ್ಪ ತಡೆದುಕೊಂಡರೆ ಒಳಗಿನವನಾಗುತ್ತೇನೆ ಅಂತ ತಡೆದುಕೊಳ್ಳುತ್ತಲೇ ಹೋಗುತ್ತಾನೆ. ಅದಕ್ಕೇ ಅಲ್ಲಿ "ಬೇಡ" ಅನ್ನುವುದು ಇಷ್ಟು ಕಷ್ಟ.

2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿಯ ಬೀಟಾ ಥೀಟಾ ಪೈ ಮನೆಯಲ್ಲಿ ನಡೆದದ್ದನ್ನು ಪ್ರತಿ ತಂದೆ ತಾಯಿ ತಿಳಿದಿರಬೇಕು. ಬಿಡ್ ಒಪ್ಪಿಕೊಂಡ ರಾತ್ರಿಯೇ ಹೊಸ ಹುಡುಗರಿಗೆ ಸಾಲಾಗಿ ನಿಲ್ಲಿಸಿ ಗಂಟಲಿಗೆ ಸುರಿದಂತೆ ಕುಡಿಸಿದರು. ಅವರಲ್ಲಿ ಒಬ್ಬ, 19 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ, ನೆಲಮಾಳಿಗೆಯ ಮೆಟ್ಟಿಲ ಮೇಲಿಂದ ಬಿದ್ದ. ಅವನನ್ನು ಎತ್ತಿ ಸೋಫಾ ಮೇಲೆ ಮಲಗಿಸಿದರು. ಮನೆ ತುಂಬಾ ಹುಡುಗರಿದ್ದರು, ಸುಮಾರು 12 ಗಂಟೆ ಕಾಲ ಆಂಬುಲೆನ್ಸ್‌ಗೆ ಯಾರೂ ಫೋನ್ ಮಾಡಲಿಲ್ಲ. ಅವನು ಉಳಿಯಲಿಲ್ಲ. ಆ ಮನೆಯಲ್ಲಿ ಕ್ಯಾಮೆರಾಗಳಿದ್ದವು. ಮದ್ಯ ಇರಕೂಡದು ಅನ್ನುವ ನಿಯಮವೂ ಇತ್ತು. ಮರುವರ್ಷ ಪೆನ್ಸಿಲ್ವೇನಿಯಾ ರಾಜ್ಯ ಅವನ ಹೆಸರಿನಲ್ಲೇ ಕಠಿಣ ಕಾನೂನು ತಂದಿತು. ಕಾನೂನು ಬಂದ ಮೇಲೂ ಬೇರೆ ರಾಜ್ಯಗಳಲ್ಲಿ ಸಾವುಗಳಾಗಿವೆ. 2021ರಲ್ಲಿ ಒಹಾಯೋದ ಬೌಲಿಂಗ್ ಗ್ರೀನ್‌ನಲ್ಲಿ, ಅದೇ ವರ್ಷ ವರ್ಜೀನಿಯಾದ ರಿಚ್ಮಂಡ್‌ನಲ್ಲಿ. ಎರಡೂ ಕಡೆ ಕುಡಿಸಿದ್ದೇ ಕಾರಣ.

ನಮ್ಮವರದೇ ಫ್ರಟರ್ನಿಟಿ ಆದರೆ ಭಯ ಇಲ್ಲ ಅಂತ ಕೆಲವು ತಂದೆ ತಾಯಿ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬರೂಕ್ ಕಾಲೇಜಿನ ಮೊದಲ ವರ್ಷದ ಹುಡುಗನೊಬ್ಬ ಸತ್ತದ್ದು ಏಷ್ಯನ್ ಹುಡುಗರದೇ ಆದ ಪೈ ಡೆಲ್ಟಾ ಸೈ ಫ್ರಟರ್ನಿಟಿ ಪೆನ್ಸಿಲ್ವೇನಿಯಾದಲ್ಲಿ ನಡೆಸಿದ ಆಚರಣೆಯಲ್ಲಿ. ಕಣ್ಣಿಗೆ ಬಟ್ಟೆ ಕಟ್ಟಿ, ಬೆನ್ನಿಗೆ ಮರಳು ತುಂಬಿದ ಚೀಲ ಹೊರಿಸಿ ನಡೆಸಿದರು, ಉಳಿದವರು ಓಡಿ ಬಂದು ಕೆಡವಿದರು. ಏಷ್ಯನ್ನರು ಈ ದೇಶದಲ್ಲಿ ಪಟ್ಟ ಕಷ್ಟ ಅರ್ಥವಾಗಲಿ ಅಂತ ಆ ಆಚರಣೆಯಂತೆ. ಕೋರ್ಟು ಇಡೀ ಸಂಸ್ಥೆಯನ್ನೇ ತಪ್ಪಿತಸ್ಥ ಅಂದಿತು, 10 ವರ್ಷ ಪೆನ್ಸಿಲ್ವೇನಿಯಾದಲ್ಲಿ ಕಾಲಿಡದಂತೆ ಮಾಡಿತು.

ಈಗ ಮಾಡಬೇಕಾದ ಕೆಲಸ. 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆಕ್ಟ್ ಅನ್ನುವ ಕೇಂದ್ರ ಕಾನೂನು ಬಂದಿದೆ. ಅದರ ಪ್ರಕಾರ ಯಾವ ಸಂಘ ಹೇಜಿಂಗ್ ಮಾಡಿ ತಪ್ಪಿತಸ್ಥ ಅನಿಸಿಕೊಂಡಿದೆ ಅಂತ ಕಾಲೇಜು ಹೆಸರು ಸಮೇತ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಕಾಲೇಜಿನ ಹೆಸರಿನ ಜೊತೆ 'ಹೇಜಿಂಗ್ ಟ್ರಾನ್ಸ್‌ಪರೆನ್ಸಿ ರಿಪೋರ್ಟ್' ಅಂತ ಹುಡುಕಿ. ಈ ಕಾನೂನಿನ ಲೆಕ್ಕ ಶುರುವಾಗುವುದು 2025ರ ಜುಲೈನಿಂದ, ಅದಕ್ಕಿಂತ ಹಳೆಯದಕ್ಕೆ ವಿದ್ಯಾರ್ಥಿ ಪತ್ರಿಕೆಯ ಹಳೇ ಸಂಚಿಕೆಗಳೇ ಒಳ್ಳೆಯ ಆಧಾರ. ಒಂದು ವಿಷಯ ಗಮನಿಸಿ. ಚಾಪ್ಟರ್ ಮುಚ್ಚಿಸಿದ ಮೇಲೂ ಕೆಲವು ಕಡೆ ಅದೇ ಹುಡುಗರು ಹೊರಗೆ ಮನೆ ಮಾಡಿ, ಅದೇ ಹೆಸರಿನಲ್ಲೋ ಬೇರೆ ಹೆಸರಿನಲ್ಲೋ ನಡೆಸುತ್ತಾರೆ. ಕಾಲೇಜು ಮಾನ್ಯ ಮಾಡಿದ ಸಂಘಗಳ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಅಲ್ಲಿಗೆ ಹೋಗಲೇಬೇಡಿ. ಇದರಲ್ಲಿ ಎರಡನೇ ಮಾತಿಲ್ಲ.

ಆರನೇ ಹೆಜ್ಜೆ: ರಶ್‌ಗೆ ಹೋಗಿ, ಆಮೇಲೆ ರಶ್ ಇಲ್ಲದ ದಿನವೂ ಹೋಗಿ

ರಶ್ ಅಂದರೆ ಹೆಣ್ಣು ನೋಡಲು ಹೋದ ಮನೆಯ ಹಾಗೆ. ಉಪ್ಪಿಟ್ಟು, ಕೇಸರಿಬಾತ್ ರುಚಿಯಾಗಿಯೇ ಇರುತ್ತದೆ, ಮನೆಯವರೆಲ್ಲ ನಗುತ್ತಲೇ ಇರುತ್ತಾರೆ. ಅವತ್ತಿನ ನಡವಳಿಕೆ ನೋಡಿ ತೀರ್ಮಾನಿಸಬೇಡಿ. ರಶ್‌ಗೆ ಹೋಗಲು ಸಾಮಾನ್ಯವಾಗಿ ಯಾವ ಬಂಧನವೂ ಇಲ್ಲ. ಮೂರು ನಾಲ್ಕು ಮನೆಗಾದರೂ ಹೋಗಿ, ಮಾತಾಡಿ, ಬನ್ನಿ. ಇಷ್ಟವಾದ ಮನೆಗೆ ಇನ್ನೊಂದು ದಿನ, ವಾರದ ಮಧ್ಯೆ, ಮಧ್ಯಾಹ್ನ ಹೋಗಿ.

ನನ್ನ ಅಕ್ಕನ ಮಗ ರಶ್ ಮಾಡುವಾಗ ಹೀಗೇ ಒಂದು ಬುಧವಾರ ಮಧ್ಯಾಹ್ನ ಒಂದು ಮನೆಗೆ ಹೋದ. ಅವನನ್ನು ಬಿಡಲು ಹೋದ ನಾನೂ ಒಳಗೆ ಹೋದೆ. ಹುಡುಗರು ಒಳ್ಳೆಯವರೇ, ನನಗೂ ಊಟ ಹಾಕಿದರು. ಅಡುಗೆಮನೆಯ ಫ್ರಿಜ್ ಮೇಲೆ ವಾರದ ಕೆಲಸದ ಪಟ್ಟಿ ಅಂಟಿಸಿತ್ತು. ಪಾತ್ರೆ, ಬಚ್ಚಲು, ಕಸ, ಭಾನುವಾರ ಬೆಳಿಗ್ಗೆ ಪಾರ್ಟಿ ಹಾಲ್ ತೊಳೆಯುವುದು. ಎಲ್ಲದರ ಎದುರೂ ಅದೇ ಏಳೆಂಟು ಹೆಸರು. ಹುಡುಗ ಸುಮ್ಮನೆ ಕೇಳಿದ, "ಇವರೆಲ್ಲ ಯಾರು?" "ಪ್ಲೆಜ್‌ಗಳು" ಅಂದರು, ಅಂದರೆ ಇನ್ನೂ ಪೂರ್ತಿ ಸದಸ್ಯರಾಗದ ಹೊಸಬರು. "ನೀವು ಯಾವ ದಿನ ಮಾಡ್ತೀರಿ?" ಅಂದಿದ್ದಕ್ಕೆ ನಕ್ಕುಬಿಟ್ಟರು. ಕಾರಿನಲ್ಲಿ ಕೂತ ಮೇಲೆ ಅವನೇ ಹೇಳಿದ, "ಮಾಮ, ಇದು ಬೇಡ." ಅವನು ಸೇರಿದ್ದು ಇನ್ನೊಂದು ಮನೆ. ಅಲ್ಲಿ ಪ್ರೆಸಿಡೆಂಟ್ ಆಗಿದ್ದ ಹುಡುಗನ ಹೆಸರೂ ಬಚ್ಚಲು ತೊಳೆಯುವ ಪಟ್ಟಿಯಲ್ಲಿತ್ತು.

"ಬೇಡ" ಅನ್ನುವುದನ್ನು ನೀವೇ ಪರೀಕ್ಷೆ ಮಾಡಿ. ಯಾರಾದರೂ ಕೈಗೆ ಬಿಯರ್ ಕೊಟ್ಟರೆ "ಬೇಡ, ನಾಳೆ ಬೆಳಿಗ್ಗೆ ಲ್ಯಾಬ್ ಇದೆ" ಅನ್ನಿ. ನೀವು ಕುಡಿಯುವವರಾದರೂ ಒಂದು ಸಲ ಹಾಗೆ ಹೇಳಿ ನೋಡಿ. ಸರಿ ಅಂತ ಕೋಕ್ ತಂದುಕೊಟ್ಟು ಮಾತು ಮುಂದುವರಿಸಿದರೆ ಒಳ್ಳೆಯ ಗುರುತು. "ಅರೆ, ಒಂದೇ ಒಂದು" ಅಂತ ಎರಡನೇ ಸಲ ಒತ್ತಾಯ ಬಂದರೆ, ಅಥವಾ ನೀವು ಹೇಳಿದ್ದೇ ಒಂದು ತಮಾಷೆಯಾಗಿ ಮನೆ ತುಂಬಾ ಓಡಾಡಿದರೆ, ಪ್ಲೆಜ್ ಆದ ಮೇಲೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ. ಇನ್ನೊಂದು ಪರೀಕ್ಷೆ: "ಶುಕ್ರವಾರ ಬರಲು ಆಗಲ್ಲ, ಮನೆಯವರ ಜೊತೆ ಪೂಜೆ ಇದೆ" ಅನ್ನಿ. ಮುಂದಿನ ಸಲ ಸಿಕ್ಕಾಗ ಪೂಜೆ ಹೇಗಾಯಿತು ಅಂತ ಕೇಳಿದರೋ, ಮುಖ ತಿರುಗಿಸಿದರೋ ನೋಡಿ.

ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಹೊಸಬರ ಅವಧಿ ಎಷ್ಟು ವಾರ? ಅದರ ವೇಳಾಪಟ್ಟಿ ಲಿಖಿತವಾಗಿ ಸಿಗುತ್ತದಾ? ಕಳೆದ ಸಲ ಎಷ್ಟು ಜನ ಸೇರಿ ಎಷ್ಟು ಜನ ಅರ್ಧಕ್ಕೆ ಬಿಟ್ಟರು? ಬಿಟ್ಟವರಲ್ಲಿ ಒಬ್ಬರ ಜೊತೆ ಮಾತಾಡಬಹುದಾ? ಕೊನೆಯ ಪ್ರಶ್ನೆಗೆ ಹೆಚ್ಚಿನ ಮನೆಗಳು ತಡವರಿಸುತ್ತವೆ. ಹಾಗಾದರೆ ನೀವೇ ಹುಡುಕಿ, ಕ್ಲಾಸಲ್ಲಿ ಒಬ್ಬನಾದರೂ ಸಿಗುತ್ತಾನೆ. ಅವನ ಹತ್ತು ನಿಮಿಷದ ಮಾತು ಇಡೀ ರಶ್‌ಗಿಂತ ಹೆಚ್ಚು ತಿಳಿಸುತ್ತದೆ. "ಹೊಸಬರ ಅವಧಿಯಲ್ಲಿ ಏನು ನಡೆಯುತ್ತೆ ಅಂತ ಹೇಳೋ ಹಾಗಿಲ್ಲ, ಸಂಪ್ರದಾಯ" ಅಂದರೆ ಬಿಡಿಸಿ ಕೇಳಿ. ದೀಕ್ಷೆಯ (ಪೂರ್ತಿ ಸದಸ್ಯನಾಗುವ) ದಿನದ ಮಂತ್ರ, ಕೈಕುಲುಕುವ ರೀತಿ ಗುಟ್ಟಾಗಿರಲಿ, ತೊಂದರೆ ಇಲ್ಲ. ಆರೇಳು ವಾರದ ದಿನಚರಿಯೇ ಗುಟ್ಟು ಅಂದರೆ ಆ ಮನೆ ಬೇಡ.

ಬಣ್ಣ, ಉಚ್ಚಾರಣೆ ಬಗ್ಗೆ ಅಡ್ಡಮಾತು ಬಂದರೆ ತಮಾಷೆ ಅಂತ ನುಂಗಬೇಡಿ. 2015ರಲ್ಲಿ ಓಕ್ಲಹೋಮ ಯೂನಿವರ್ಸಿಟಿಯಲ್ಲಿ ಒಂದು ಫ್ರಟರ್ನಿಟಿಯ ಹುಡುಗರು ಬಸ್ಸಿನಲ್ಲಿ ಕರಿಯರನ್ನು ಹೀಯಾಳಿಸಿ ಹಾಡಿದ ವಿಡಿಯೊ ಹೊರಬಂದು ಆ ಚಾಪ್ಟರ್ ಮುಚ್ಚಿತು. ಬಸ್ ತುಂಬಾ ಜನ ಇದ್ದರು. ಗೋಡೆಯ ಮೇಲಿನ ಹಳೇ ಗ್ರೂಪ್ ಫೋಟೊಗಳನ್ನೂ ಒಮ್ಮೆ ನೋಡಿ. ನಿಮ್ಮಂಥ ಮುಖ ಇರಲೇಬೇಕು ಅಂತಿಲ್ಲ. ಇದ್ದರೆ ಅವನ ನಂಬರ್ ಕೇಳಿ ಮಾತಾಡಿ.

ಏಳನೇ ಹೆಜ್ಜೆ: ಬಿಡ್ ಬಂದ ಮೇಲೆ

ಬಿಡ್ ಅಂದರೆ ಸೇರಿಕೋ ಅನ್ನುವ ಕರೆ. ಕಾರ್ಡ್ ಕೊಡುತ್ತಾರೆ, ಕೆಲವು ಕಡೆ ರಾತ್ರಿ ರೂಮಿನ ಬಾಗಿಲು ತಟ್ಟಿ ಹತ್ತು ಹುಡುಗರು ಕೂಗುತ್ತಾ ಬರುತ್ತಾರೆ. ಎಲ್ಲರೂ ನಿಮ್ಮ ಹೆಸರು ಕೂಗುವಾಗ ಖುಷಿ ಆಗದೆ ಇರುವುದಿಲ್ಲ. ಆ ರಾತ್ರಿ ಹೌದು ಅನ್ನಬೇಡಿ. ಎಷ್ಟು ದಿನ ಸಮಯ ಇದೆ ಅಂತ ಕೇಳಿ, ಮೂರನೇ ಹೆಜ್ಜೆಯಲ್ಲಿ ಬರೆದ ಹಾಳೆ ತೆಗೆಯಿರಿ. ಈಗಲೇ ಹೇಳಬೇಕು ಅಂತ ಒತ್ತಾಯ ಮಾಡಿದರೆ, ಅದೂ ಒಂದು ಉತ್ತರವೇ.

ಮನೆಗೆ ಫೋನ್ ಮಾಡಿ. ತಂದೆ ತಾಯಿಗೆ ನನ್ನದೊಂದು ಕೋರಿಕೆ: ಕೇಳಿದ ಕೂಡಲೇ "ಬೇಡವೇ ಬೇಡ" ಅಂದರೆ ಮಗ ಮುಂದೆ ಹೇಳದೆ ಸೇರುತ್ತಾನೆ, ತೊಂದರೆ ಆದಾಗಲೂ ಹೇಳುವುದಿಲ್ಲ. 18 ದಾಟಿದ ವಿದ್ಯಾರ್ಥಿಯ ವಿಷಯವನ್ನು ಕಾಲೇಜು ಸಾಮಾನ್ಯವಾಗಿ ಪೋಷಕರಿಗೆ ತಿಳಿಸುವುದಿಲ್ಲ. ಅವನ ಬಾಯಿಂದ ಬಂದರಷ್ಟೇ ನಿಮಗೆ ಗೊತ್ತಾಗುವುದು. ದುಡ್ಡೆಷ್ಟು, ಎಷ್ಟು ವಾರ, ಯಾರು ಜೊತೆಗಿದ್ದಾರೆ ಅಂತ ಕೇಳಿ. ಯಾವ ಹೊತ್ತಲ್ಲಿ ಫೋನ್ ಮಾಡಿದರೂ ಬಯ್ಯುವುದಿಲ್ಲ ಅಂತ ಮಾತು ಕೊಡಿ, ಮತ್ತು ಆ ಮಾತು ಉಳಿಸಿಕೊಳ್ಳಿ.

ಒಪ್ಪಿಕೊಳ್ಳುವುದಾದರೆ ಎರಡು ಕಾಗದ ಸಹಿಗೆ ಬರುತ್ತವೆ. ಒಂದು ಡ್ಯೂಸ್ ಒಪ್ಪಂದ, ಇನ್ನೊಂದು ಮನೆಯ ಬಾಡಿಗೆ ಕರಾರು. ಎರಡನೆಯದಕ್ಕೆ ಆಗಲೇ ಸಹಿ ಹಾಕಬೇಡಿ, ದೀಕ್ಷೆ ಮುಗಿದ ಮೇಲೆ ನೋಡೋಣ ಅನ್ನಿ. ಫ್ರಟರ್ನಿಟಿ ಬಿಟ್ಟರೂ ಬಾಡಿಗೆ ಬಿಡುವುದಿಲ್ಲ.

ಬೇಡ ಅನಿಸಿದರೆ ಒಂದು ಸಾಲಿನ ಮೆಸೇಜ್ ಸಾಕು: ಕರೆದದ್ದಕ್ಕೆ ಥ್ಯಾಂಕ್ಸ್, ಈ ಸೆಮಿಸ್ಟರ್ ಆಗುವುದಿಲ್ಲ. ಕಾರಣ ಕೊಡಬೇಕಿಲ್ಲ. ಮುಂದಿನ ಸೆಮಿಸ್ಟರ್‌ನಲ್ಲೂ ರಶ್ ಇರುತ್ತದೆ.

ಒಳಗೆ ಹೋದ ಮೇಲೆ ಸರಿ ಇಲ್ಲ ಅನಿಸಿದರೆ

ದೀಕ್ಷೆ ಆಗುವ ತನಕ ಯಾವ ದಿನ ಬೇಕಾದರೂ ಬಿಡಬಹುದು. ಪ್ರೆಸಿಡೆಂಟ್‌ಗೆ ಮೇಲ್ ಹಾಕಿ, ಗ್ರೀಕ್ ಲೈಫ್ ಆಫೀಸಿಗೆ ಅದರ ಪ್ರತಿ ಕಳಿಸಿ. ಎದುರಿಗೆ ಬಂದು ಹೇಳು ಅಂದರೆ ಹೋಗಬೇಕಿಲ್ಲ. ಕಟ್ಟಿದ ದುಡ್ಡು ಪೂರ್ತಿ ವಾಪಸ್ ಬರದೆ ಇರಬಹುದು. ಅಷ್ಟು ದುಡ್ಡಿಗೋಸ್ಕರ ಉಳಿಯಬೇಡಿ. ದೀಕ್ಷೆ ಆದ ಮೇಲೂ ಬಿಡುವ ಕ್ರಮ ಇದೆ, ಕಾಗದಪತ್ರ ಸ್ವಲ್ಪ ಜಾಸ್ತಿ ಅಷ್ಟೇ.

ಫೋನ್ ಕಿತ್ತಿಟ್ಟುಕೊಂಡರೆ, ನಿದ್ದೆ ಮಾಡಲು ಬಿಡದಿದ್ದರೆ, ಒಂದು ಬಾಟಲಿ ಮುಗಿಸಲೇಬೇಕು ಅಂದರೆ, ಕಣ್ಣು ಕಟ್ಟಿ ಎಲ್ಲಿಗೋ ಕರೆದುಕೊಂಡು ಹೊರಟರೆ, ಅದು ಹೇಜಿಂಗ್. "ನೀನೇ ಒಪ್ಪಿಕೊಂಡಿದ್ದೆ" ಅನ್ನುವ ಮಾತು ಅನೇಕ ರಾಜ್ಯಗಳ ಕಾನೂನಿನಲ್ಲಿ ನಿಲ್ಲುವುದಿಲ್ಲ. ಮೆಸೇಜುಗಳ ಸ್ಕ್ರೀನ್‌ಶಾಟ್ ತೆಗೆದು ಫ್ರಟರ್ನಿಟಿಯ ಹೊರಗಿನ ಒಬ್ಬರಿಗೆ ಕಳಿಸಿಡಿ. ಹೆಸರು ಹೇಳದೆ ದೂರು ಕೊಡಲು ಅಮೆರಿಕದ ಹೇಜಿಂಗ್ ವಿರೋಧಿ ಸಹಾಯವಾಣಿ ಇದೆ: 1-888-668-4293.

ಜೊತೆಗಿದ್ದವನು ಕುಡಿದು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ ಯಾರ ಅಪ್ಪಣೆಗೂ ಕಾಯದೆ 911ಗೆ ಫೋನ್ ಮಾಡಿ. "ಮಲಗಿದ್ರೆ ಸರಿ ಹೋಗ್ತಾನೆ" ಅಂತ ಎಷ್ಟು ಜನ ಹೇಳಿದರೂ ಕೇಳಬೇಡಿ. ಒಂದು ಬದಿಗೆ ತಿರುಗಿಸಿ ಮಲಗಿಸಿ, ಆಂಬುಲೆನ್ಸ್ ಬರುವ ತನಕ ಅವನ ಪಕ್ಕ ಬಿಟ್ಟು ಏಳಬೇಡಿ. ಹೀಗೆ ಸಹಾಯಕ್ಕೆ ಕರೆದವರ ಮೇಲೆ ಕುಡಿದದ್ದಕ್ಕೆ ಕ್ರಮ ಕೈಗೊಳ್ಳಬಾರದು ಅನ್ನುವ ನಿಯಮ ಹೆಚ್ಚಿನ ಕಾಲೇಜುಗಳಲ್ಲಿದೆ, ಬಹಳಷ್ಟು ರಾಜ್ಯಗಳ ಕಾನೂನಿನಲ್ಲೂ ಇದೆ. ನಿಮ್ಮ ಕಾಲೇಜಿನದು ಏನು ಹೇಳುತ್ತದೆ ಅಂತ ಸೇರುವ ಮೊದಲೇ ಓದಿಕೊಂಡಿರಿ. ವೀಸಾದ ಭಯಕ್ಕೆ ಆ ಫೋನ್ ಮಾತ್ರ ತಡಮಾಡಬೇಡಿ.